ನೋಡಿಕೊಂಡು ಮಾಡ್ರಿ

ಹತ್ತಿ ಬೀಜ ತಯಾರಿಸುವ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತೆಂದಾಗ ಅವ್ವ ಕೇಳಿದ ಮೊದಲ ಮಾತು, "ಬಿಸಲಾಗ ಹೊಲಾ ಹೊಲಾ ತಿರಗೂ ಕೆಲಸ ಏನು ಅದು?" ಹೌದು, ಅದೇ ಕೆಲಸವಾಗಿತ್ತು. ಸವಣೂರಿನ ನಮ್ಮ ಮನೆಯಲ್ಲಿ ಅಜ್ಜ ಸಂಸ್ಕೃತ ಪಾಠ ಹೇಳಿದವರು, ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಾನು ಕೃಷಿ ಡಿಪ್ಲೊಮಾಕ್ಕೆ ಸೇರಿದ್ದೇ ಮನೆಯವರಿಗೆ ಒಂದು ಸೋಜಿಗ. ಕಂಪನಿಯವರು ನನ್ನನ್ನು ತೆಗೆದುಕೊಂಡದ್ದು ಬೆಳೆ ನೋಡುವುದಕ್ಕಲ್ಲ, ಕೂಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವುದಕ್ಕೆ. ಕೀಟನಾಶಕ ಹೊಡೆದ ಹೊಲದೊಳಗೆ ಯಾವಾಗ ಕಾಲಿಡಬಾರದು, ಕೈ ಹೇಗೆ ತೊಳೆಯಬೇಕು, ಖಾಲಿ ಡಬ್ಬಿಯನ್ನು ಏನು ಮಾಡಬೇಕು ಎಂದೆಲ್ಲ ಹೇಳಿಕೊಟ್ಟು, ರಿಜಿಸ್ಟರಿನಲ್ಲಿ ಅವರ ಸಹಿ ತೆಗೆದುಕೊಂಡು ಬರಬೇಕು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕು ನನ್ನ ಪಾಲಿಗೆ. ಆಫೀಸು ಹಾನಗಲ್ಲದಲ್ಲಿ.

ಬೀಜದ ಹತ್ತಿಯ ಕೆಲಸ ಕಾಣದವರಿಗೆ ಒಂದು ಮಾತು ಹೇಳಬೇಕು. ಹೊಲ ರೈತರದು, ಬೆಳೆದ ಬೀಜವನ್ನು ಕೊಳ್ಳುವುದು ಕಂಪನಿ. ಮಧ್ಯಾಹ್ನದ ಮೇಲೆ ಹೆಣ್ಣುಮಕ್ಕಳು ಸಾಲು ಹಿಡಿದು ನಡೆದು, ನಾಳೆ ಅರಳಲಿರುವ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಅದರ ಎಸಳನ್ನೂ ಕೇಸರವನ್ನೂ ಸುಲಿದು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಮುಟ್ಟಿಸುತ್ತಾರೆ. ಊರಲ್ಲಿ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಇಂದು ಸುಲಿದ ಮೊಗ್ಗಿಗೆ ನಾಳೆ ಮಧ್ಯಾಹ್ನದೊಳಗೆ ಆ ಹೂವಿನ ಪುಡಿ ಸೋಕದಿದ್ದರೆ ಅದು ಉದುರಿಹೋಗುತ್ತದೆ. ನಾಡಿದ್ದು ನೋಡೋಣ ಎಂದು ಇಡಲು ಬರುವುದಿಲ್ಲ. ಎರಡು ತಿಂಗಳು ದಿನಾಲೂ ಇದೇ. ಹತ್ತಿಗೆ ಹುಳ ಹೆಚ್ಚು, ಹಾಗಾಗಿ ನಡುನಡುವೆ ವಿಷ ಹೊಡೆಯುವುದೂ ಹೆಚ್ಚು. ಅದಕ್ಕೆ ವಿಷ ಎಂದು ಯಾರೂ ಅನ್ನುವುದಿಲ್ಲ. ಎಣ್ಣಿ ಹೊಡಿಯೂದು ಎನ್ನುತ್ತಾರೆ.

ಮೊದಲ ವರ್ಷ ನಾನು ಬಲು ಉತ್ಸಾಹದಲ್ಲಿದ್ದೆ. ಚಿತ್ರದ ಹಾಳೆಗಳು, ಮುಖಕ್ಕೆ ಕಟ್ಟುವ ಮಾಸ್ಕು, ರಬ್ಬರಿನ ಕೈಗವಸು, ಸಾಬೂನು ಎಲ್ಲ ಸ್ಕೂಟಿಗೆ ಏರಿಸಿಕೊಂಡು ಹೋಗುತ್ತಿದ್ದೆ. ಹತ್ತಿಮತ್ತೂರಿನಲ್ಲಿ ನಡೆಸಿದ ಮೊದಲ ತರಬೇತಿಯಲ್ಲೇ ಕೈಗವಸಿನ ಕತೆ ಮುಗಿಯಿತು. ಒಬ್ಬ ಮುದುಕಿ ಅದನ್ನು ಹಾಕಿಕೊಂಡು ಮೊಗ್ಗು ಸುಲಿಯಲು ನೋಡಿದಳು, ಆಗಲಿಲ್ಲ. ಉಗುರೇ ಆ ಕೆಲಸದ ಹತಾರ. ಉಗುರನ್ನೇ ಮುಚ್ಚಿದರೆ ಏನು ಮಾಡುವುದು? ಆಕೆ ಕುಡಗೋಲಿನಿಂದ ಕೈಗವಸಿನ ಹೆಬ್ಬೆರಳ ತುದಿಯನ್ನು ಕತ್ತರಿಸಿ, "ಈಗ ಬರೋಬ್ಬರಿ ಆತು ನೋಡ್ರಿ" ಎಂದಳು. ವಿಷ ತಾಗುವುದು ಸರಿಯಾಗಿ ಅಲ್ಲೇ. ನಾನು ಫೋಟೊ ತೆಗೆದುಕೊಂಡೆ. ಫೋಟೊದಲ್ಲಿ ಎಲ್ಲರ ಕೈಯಲ್ಲೂ ಕೈಗವಸು ಕಂಡಿತು. ಆಫೀಸಿನಲ್ಲಿ ಫೋಟೊ ಮೆಚ್ಚಿದರು.

ಎರಡನೆಯ ವರ್ಷ ಶಿಗ್ಗಾವಿ ತಾಲೂಕಿನಲ್ಲಿ, ತಡಸದಿಂದ ತುಸು ಒಳಗಿನ ಒಂದು ಹಳ್ಳಿಯಲ್ಲಿ ಆ ಗುಂಪಿನ ಪರಿಚಯವಾಯಿತು. ಹುಲಗೂರಿನ ಕಡೆಯಿಂದ ಟೆಂಪೊದಲ್ಲಿ ಬರುವ ಹದಿನಾಲ್ಕು ಹೆಣ್ಣುಮಕ್ಕಳು. ಅವರಿಗೆ ಕೆಲಸ ಗೊತ್ತುಮಾಡುವವಳು, ಸಾವುಕಾರರ, ಅಂದರೆ ಹೊಲದ ಮಾಲಕರ, ಜೊತೆ ಮಾತಾಡುವವಳು ಒಬ್ಬ ನಲವತ್ತೈದರ ಹೆಂಗಸು. ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು, ನಾನೂ ಹಾಗೇ ಕರೆಯತೊಡಗಿದೆ. ಅವಳ ಸ್ವಂತ ತಂಗಿಯೂ ಅದೇ ಗುಂಪಿನಲ್ಲಿದ್ದಳು. ಗಂಡ ಇಲ್ಲದವಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಸುಲಿಯುವುದರಲ್ಲಿ ಅವಳ ಬೆರಳನ್ನು ಮೀರಿಸುವವರು ಇರಲಿಲ್ಲ.

ನನ್ನ ತರಬೇತಿಯಲ್ಲಿ ಅವರಿಗೆ ಬಹಳ ಮೋಜೆನಿಸಿದ್ದು ಬಟ್ಟೆಯ ವಿಷಯ. ಹೊಲದಲ್ಲಿ ಉಟ್ಟ ಸೀರೆಯನ್ನು ಮನೆಯ ಬಟ್ಟೆಯ ಜೊತೆ ಸೇರಿಸಬೇಡಿ, ಹೊರಗೇ ಬಿಚ್ಚಿಟ್ಟು, ಮೈ ತೊಳೆದುಕೊಂಡು ಆಮೇಲೆ ಒಲೆಯ ಮುಂದೆ ಹೋಗಿ, ಮಕ್ಕಳನ್ನು ಮುಟ್ಟಿ ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ದೊಡ್ಡಕ್ಕ, "ನಿಮ್ಮ ಮನ್ಯಾಗಿನ ಮಡಿ ನಮಗೂ ಬಂತೇನ್ರಿ ಅಕ್ಕಾರ?" ಎಂದು ಕೇಳಿದಳು. ನಾನೂ ನಕ್ಕೆ. ಆದರೆ ಅವಳ ತಂಗಿ ನಗಲಿಲ್ಲ. "ಒಂದ ಬಚ್ಚಲಾ ಐತ್ರಿ, ನಾಕು ಮನಿಗೆ. ನೀರು ದಿನಾ ಬರೂದಿಲ್ಲ" ಎಂದಳು. ಅದಕ್ಕೆ ನನ್ನ ಹಾಳೆಯಲ್ಲಿ ಚಿತ್ರವಿರಲಿಲ್ಲ.

ಕೊನೆಗೆ ಬಾವುಟದ ನಿಯಮ ಹೇಳಿದೆ. ಎಣ್ಣೆ ಹೊಡೆದ ಹೊಲದ ಬದುವಿಗೆ ಬಿದಿರ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ಅದನ್ನು ಕಂಡರೆ ಒಂದು ಹಗಲು ಒಂದು ರಾತ್ರಿ ಯಾರೂ ಒಳಗೆ ಹೋಗಬಾರದು. ದೊಡ್ಡಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಇವತ್ತ ಮೊಗ್ಗು ಸುಲದು ಹೋಗಿರ್ತೇವಿ. ಸಂಜಿಕ ಸಾವ್ಕಾರ್ರು ಎಣ್ಣಿ ಹೊಡದು ಬಾವುಟ ಹಾಕಿದ್ರ, ನಾಳೆ ಆ ಮೊಗ್ಗಿಗೆ ಹೂವು ಮುಟ್ಟಸೋರು ಯಾರ್ರಿ?"

"ಸುಲಿದ ದಿನ ಹೊಡೀಬಾರದು ಅಂತ ಸಾವ್ಕಾರ್ರಿಗೆ ಹೇಳ್ತೇನಿ."

"ಮಳಿ ಹಿಡದ್ರ? ಮಳಿ ಬಿಟ್ಟ ದಿನಾನ ಅವರು ಹೊಡೀತಾರ. ಆ ದಿನಾ ನಾವು ಬಂದು ಬದುವಿನ ಮ್ಯಾಲ ಕುಂತ್ರ ಕೂಲಿ ಹಾಕ್ತಾರೇನ್ರಿ?"

ಕೇಳಿ ಹೇಳುತ್ತೇನೆ ಎಂದೆ. ನಿಜವಾಗಿಯೂ ಕೇಳಿದೆ. ಹಾನಗಲ್ಲದ ಆಫೀಸಿನಲ್ಲಿ ನಮ್ಮ ಸಾಹೇಬರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ನಿಯಮ ಹೇಳೂದು ನಿಮ್ಮ ಕೆಲಸರಿ. ಹೂವಿನ ಚಿಂತಿ ರೈತಂದು, ಕೂಲಿ ಚಿಂತಿ ಅವನ್ದ. ಅದರಾಗ ನೀವು ಕೈ ಹಾಕಬ್ಯಾಡ್ರಿ" ಎಂದರು. ಆ ಉತ್ತರವನ್ನು ದೊಡ್ಡಕ್ಕನಿಗೆ ಒಯ್ದು ಮುಟ್ಟಿಸುವ ಧೈರ್ಯ ನನಗಾಗಲಿಲ್ಲ. ಮುಂದೆ ಎರಡು ಮೂರು ಸಲ ಆ ಹೊಲಕ್ಕೆ ಹೋದೆ. ಅವಳೂ ಮತ್ತೆ ಕೇಳಲಿಲ್ಲ. ಮರೆತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ನವರಾತ್ರಿಯ ಹಿಂದಿನ ವಾರ ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ. ಐದನೆಯ ದಿನ ಬಿಸಿಲು ಬಿತ್ತು. ಅದರ ಮರುದಿನ ಬೆಳಿಗ್ಗೆ ನಾನು ಹಾನಗಲ್ಲದಿಂದ ಹಿರೇಕೆರೂರಿನ ಕಡೆ ಹೊರಟಿದ್ದೆ. ಅಲ್ಲಿ ಹತ್ತು ಗಂಟೆಗೆ ತರಬೇತಿ ಇತ್ತು, ಆಗಲೇ ತಡವಾಗಿತ್ತು. ದಾರಿಯಲ್ಲಿ ಫೋನು ಬಂತು. ಗಾಡಿ ಬದಿಗೆ ನಿಲ್ಲಿಸಿ ಎತ್ತಿದೆ. ದೊಡ್ಡಕ್ಕ.

"ಅಕ್ಕಾರ, ಬಾವುಟ ಹಾಕ್ಯಾರ್ರಿ. ನಿನ್ನೆ ಸಂಜಿಕ ಎಣ್ಣಿ ಹೊಡದಾರಂತ. ನಾವು ನಿನ್ನೆ ಹನ್ನೆರಡು ಸಾಲು ಸುಲದ ಹೋಗೇವಿ. ಸಾವ್ಕಾರ್ರು ಒಳಗ ಹೋಗ್ರಿ ಅನ್ನಾಕತ್ತಾರ. ಏನ್ ಮಾಡೂಣ್ರಿ?"

"ನಿಯಮ ನಿಮಗ ಗೊತ್ತದ ಅಲ್ಲ?"

"ಗೊತ್ತೈತ್ರಿ. ಗೊತ್ತಿದ್ದದ್ದಕ್ಕ ಕೇಳಾಕತ್ತೇನಿ."

ಅವಳು ಕಾಯುತ್ತಿದ್ದಳು. ಹಿಂದೆ ಹೆಣ್ಣುಮಕ್ಕಳ ಮಾತು, ಟೆಂಪೊ ತಿರುಗುವ ಸದ್ದು ಕೇಳುತ್ತಿತ್ತು. ಬೇಡ ಅಂದರೆ ಹದಿನಾಲ್ಕು ಜನ ಕೂಲಿಯಿಲ್ಲದೆ ತಿರುಗಿ ಹೋಗಬೇಕು, ಹನ್ನೆರಡು ಸಾಲಿನ ಮೊಗ್ಗು ಹಾಳು, ಸಾವುಕಾರರು ಸಿಟ್ಟಾಗಿ ಸಾಹೇಬರಿಗೆ ಫೋನು ಹಚ್ಚುತ್ತಾರೆ, ಸಾಹೇಬರು ನನಗೆ. ಹೋಗಿ ಅನ್ನಲು ಬಾಯಿ ಬರಲಿಲ್ಲ. ಗಡಿಯಾರ ನೋಡಿಕೊಂಡೆ.

"ನೋಡಿಕೊಂಡು ಮಾಡ್ರಿ," ಎಂದೆ.

"ಆತ್ರಿ," ಎಂದು ಅವಳು ಫೋನು ಇಟ್ಟಳು.

ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಬಾಗಿಲು ಹಾಕುವಾಗ, ರಸ್ತೆ ದಾಟುವಾಗ, ಬಸ್ಸು ಹತ್ತುವಾಗ ಯಾರು ಯಾರಿಗೆ ಬೇಕಾದರೂ ಹೇಳುತ್ತಾರೆ. ನಾನು ಗಾಡಿ ಚಾಲೂ ಮಾಡಿ ಹಿರೇಕೆರೂರಿಗೆ ಹೋದೆ. ಎಣ್ಣೆ ಹೊಡೆದ ಹೊಲಕ್ಕೆ ಒಂದು ದಿನ ಹೋಗಬಾರದೆಂದು ಅಲ್ಲಿ ಒಂದು ತಾಸು ಪಾಠ ಮಾಡಿದೆ.

ಮಧ್ಯಾಹ್ನ ಸಾವುಕಾರರ ಫೋನು ಬಂತು. ದೊಡ್ಡಕ್ಕನ ತಂಗಿ ಸಾಲಿನ ನಡುವೆ ಕುಸಿದು ಕುಳಿತಿದ್ದಾಳೆ, ವಾಂತಿ ನಿಲ್ಲುತ್ತಿಲ್ಲ, ಬಾಯಲ್ಲಿ ಜೊಲ್ಲು ಸೋರುತ್ತಿದೆ, ಕಣ್ಣು ಮಂಜಾಗಿದೆ ಅನ್ನುತ್ತಾಳೆ, ಟೆಂಪೊದಲ್ಲಿ ಹುಬ್ಬಳ್ಳಿಗೆ ಒಯ್ಯುತ್ತಿದ್ದೇವೆ ಎಂದರು. ನಾನು ಸ್ಕೂಟಿಯನ್ನು ಅಲ್ಲೇ ಪರಿಚಯದವರ ಮನೆಯಲ್ಲಿ ಬಿಟ್ಟು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅವಳ ಪರಿಸ್ಥಿತಿಯಲ್ಲ. ಬೆಳಗಿನ ಫೋನಿನ ವಿಷಯ ಯಾರಿಗೆಲ್ಲ ಗೊತ್ತಿರಬಹುದು ಎಂಬ ಒಂದೇ ವಿಚಾರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಹಾಗೆ.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ಸಲಾಯಿನ್ ಹಚ್ಚಿದ್ದರು. ಸೀರೆಯನ್ನು ತೆಗೆದು ಆಸ್ಪತ್ರೆಯ ಅಂಗಿ ತೊಡಿಸಿದ್ದರು. ಮಳೆ ನಿಂತ ಮರುದಿನದ ಇಬ್ಬನಿ, ಎದೆಮಟ್ಟದ ಗಿಡ. ಎಲೆಯ ಮೇಲೆ ಆರದೆ ನಿಂತಿದ್ದ ಎಣ್ಣೆಯೆಲ್ಲ ಅವಳ ಸೆರಗು, ತೋಳು, ಹೊಟ್ಟೆಗೆ ಹತ್ತಿಕೊಂಡಿತ್ತು. ಉಗುರಿನ ಸುತ್ತಲ ಚರ್ಮ ಮೊದಲೇ ಒಡೆದಿತ್ತಂತೆ. ಬೇರೆಯವರಿಗೂ ತಲೆ ಸುತ್ತಿತ್ತು, ಆದರೆ ಎಲ್ಲರಿಗಿಂತ ಚುರುಕಾಗಿ ಕೆಲಸ ಮಾಡುವ ಇವಳು ಎಲ್ಲರಿಗಿಂತ ಹೆಚ್ಚು ಸಾಲು ಮುಗಿಸಿದ್ದಳು. ಸಾವುಕಾರರು ಎಣ್ಣೆಯ ಡಬ್ಬಿಯನ್ನು ಮರೆಯದೆ ತಂದು ಡಾಕ್ಟರಿಗೆ ತೋರಿಸಿದ್ದರು. ಅದರಿಂದ ಸರಿಯಾದ ಇಂಜೆಕ್ಷನ್ ಬೇಗ ಸಿಕ್ಕಿತು. ಆ ಮನುಷ್ಯ ಹೊರಗಿನ ಕಟ್ಟೆಯ ಮೇಲೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದರು. "ದಿನಾ ನಾನೂ ಅದರಾಗ ಅಡ್ಡ್ಯಾಡ್ತೇನಲ್ರಿ, ನನಗೇನೂ ಆಗಿಲ್ಲ, ಅದಕ್ಕ ಹೋಗ್ರಿ ಅಂದೆ" ಎಂದು ಮೂರು ಸಲ ಹೇಳಿದರು.

ದೊಡ್ಡಕ್ಕ ತಂಗಿಯ ಕಾಲ ಬಳಿ ನಿಂತಿದ್ದಳು. ನನ್ನನ್ನು ನೋಡಿ, "ಬರ್ರಿ" ಎಂದಳು. ಅಷ್ಟೇ. ಫೋನಿನ ಮಾತೆತ್ತಲಿಲ್ಲ.

ಮೂರನೆಯ ದಿನಕ್ಕೆ ಜೀವಕ್ಕೆ ಭಯವಿಲ್ಲ ಎಂದರು. ಅದೇ ದಿನ ಹೊಲದ ಪಂಪಸೆಟ್ಟಿನ ಮನೆಯಲ್ಲಿ ಕಂಪನಿಯ ವಿಚಾರಣೆ. ನಮ್ಮ ಸಾಹೇಬರು, ಮೇಲಿನ ಆಫೀಸಿನಿಂದ ಬಂದ ಇನ್ನೊಬ್ಬರು, ಸಾವುಕಾರರು, ಎದುರಿಗೆ ದೊಡ್ಡಕ್ಕ. ನಾನು ಹೇಳಿಕೆ ಬರೆದುಕೊಳ್ಳಲು. ಮೇಜಿನ ಮೇಲೆ ನನ್ನದೇ ತರಬೇತಿ ರಿಜಿಸ್ಟರು ತೆರೆದಿತ್ತು. ಅಲ್ಲಿ ದೊಡ್ಡಕ್ಕನ ಸಹಿ ಇತ್ತು, ಅವಳ ತಂಗಿಯದೂ ಇತ್ತು. ಮೇಲಿನ ಆಫೀಸಿನವರು ಬೆರಳಿಟ್ಟು ಕೇಳಿದರು:

"ಇದು ನಿಮ್ಮ ಸಹೀನ ಏನು?"

"ಹೌದ್ರಿ."

"ಬಾವುಟ ಇದ್ರ ಒಳಗ ಹೋಗಬಾರದು ಅಂತ ಹೇಳಿಕೊಟ್ಟಿದ್ರಲ್ಲ?"

"ಹೇಳಿದ್ರು."

"ಮತ್ತ ಯಾರು ಕರಕೊಂಡು ಹೋದ್ರು?"

ಸಾವುಕಾರರು ನೆಲ ನೋಡುತ್ತಿದ್ದರು. ದೊಡ್ಡಕ್ಕ ಅವರ ಕಡೆ ಒಮ್ಮೆ ನೋಡಿ, "ನಾನ ಕರಕೊಂಡು ಹೋದೆ" ಎಂದಳು.

"ಹೋಗೂ ಮುಂಚೆ ನಮ್ಮ ಮಂದೀನ ಯಾರನ್ನರ ಕೇಳಿದ್ರೇನು?"

ನನ್ನ ಪೆನ್ನು ನಿಂತಿತು. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಯಾರನ್ನೂ ಕೇಳಲಿಲ್ರಿ."

ಆ ಮಾತನ್ನು ನಾನು ನನ್ನ ಕೈಯಾರೆ ಬರೆದೆ. ಯಾರನ್ನೂ ಕೇಳದೆ ಸ್ವಂತ ಇಚ್ಛೆಯಿಂದ ಒಳಗೆ ಹೋದೆವು, ಎಂದು. ‘ಸ್ವಂತ ಇಚ್ಛೆಯಿಂದ’ ಅನ್ನುವುದನ್ನು ಅವಳು ಹೇಳಿರಲಿಲ್ಲ. ಸಾಹೇಬರು ಬರೆಸಿದರು. ಕೆಳಗೆ ಅವಳು ಸಹಿ ಮಾಡಿದಳು. ಜೀವ ಉಳಿಸಲೆಂದು ನಡೆಸಿದ ತರಬೇತಿ, ಅವರಿಗೆ ಎಲ್ಲ ಗೊತ್ತಿತ್ತು, ತಪ್ಪು ಅವರದೇ ಎಂದು ತೋರಿಸುವ ಪುರಾವೆಯಾಗಿ ನನ್ನ ಕಣ್ಣೆದುರಿಗೇ ಬದಲಾಯಿತು.

ಆ ವಾರ ಸವಣೂರಿಗೆ ಹೋದೆ. ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಪೇಪರು ಓದುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅಪ್ಪ ಬೈಯುವವರಲ್ಲ. ಪೇಪರು ಮಡಿಚಿ ಪಕ್ಕಕ್ಕಿಟ್ಟರು.

"ಆ ಹೆಣ್ಣುಮಗಳು ನಿನ್ನ ಹೆಸರು ಹೇಳಲಿಲ್ಲ. ನೀ ಹೇಳಬೇಕೋ ಬ್ಯಾಡೋ, ಅದು ನಿನಗ ಬಿಟ್ಟದ್ದು," ಎಂದರು. "ಆದ್ರ ಒಂದ ಮಾತು. ಉತ್ತರ ಬರಲಾರದಾಗ ನಾ ಹುಡುಗರಿಗೆ ನನಗ ಗೊತ್ತಿಲ್ಲ ಅಂತಿದ್ದೆ. ಅವರು ಬ್ಯಾರೆಯವರನ್ನರ ಕೇಳತಿದ್ರು. ನೀ ಅದನ್ನೂ ಅನಲಿಲ್ಲ ನೋಡು."

ಅವ್ವ ಒಳಗಿನಿಂದ ತಿಂಡಿಗೆ ಕರೆದಳು.

ಆ ದಿನವೇ ಕೂತು ಎರಡು ಪುಟದ ಪತ್ರ ಬರೆದೆ. ಅವಳು ನನ್ನನ್ನು ಕೇಳಿದ್ದಳು, ನಾನು ಬೇಡ ಅನ್ನಲಿಲ್ಲ ಎಂದು ಬರೆದೆ. ಸಾವುಕಾರರು ಒಳಗೆ ಹೋಗಲು ಹೇಳಿದ್ದರು ಎಂದೂ ಬರೆದೆ. ಮೊಗ್ಗು ಸುಲಿದ ಮರುದಿನ ಹೊಲಕ್ಕೆ ಹೋಗದಿರುವುದು ಆಗುವ ಮಾತಲ್ಲ, ಆದ್ದರಿಂದ ಎಣ್ಣೆ ಹೊಡೆಯುವ ದಿನ ಸುಲಿಯುವುದನ್ನೇ ನಿಲ್ಲಿಸಬೇಕು, ಬಾವುಟದ ದಿನದ ಕೂಲಿಯನ್ನು ಕಂಪನಿಯೇ ಕೊಡಬೇಕು, ಇಲ್ಲವಾದರೆ ನಮ್ಮ ನಿಯಮ ಬರೀ ಹಾಳೆಯ ಮೇಲಿನದು ಎಂದು ಬರೆದೆ. ಹಾನಗಲ್ಲಕ್ಕೆ ಹೋಗಿ ಸಾಹೇಬರ ಕೈಗೆ ಕೊಟ್ಟೆ.

ಅವರು ಪೂರ್ತಿ ಓದಿದರು. ಓದಿ ಎದ್ದು ಬಾಗಿಲು ಹಾಕಿದರು.

"ಇದನ್ನ ಮ್ಯಾಲ ಕಳಿಸಿದ್ರ ನಿಮ್ಮ ಕೆಲಸ ಹೋಗ್ತದರಿ. ನಿಮ್ದಷ್ಟ ಅಲ್ಲ, ನಂದೂ."

"ಹೋಗಲ್ರಿ" ಎಂದೆ. ಎಂದೆನೇ ಹೊರತು ಧ್ವನಿ ಗಟ್ಟಿಯಿರಲಿಲ್ಲ.

ಪತ್ರವನ್ನು ಅವರು ಡ್ರಾವರಿನಲ್ಲಿ ಹಾಕಿದರು. ಕಳಿಸಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಇನ್ನೊಂದು ಪ್ರತಿ ಬರೆದು ಅಂಚೆಗೆ ಹಾಕಬಹುದಿತ್ತು. ಹಾಕಲಿಲ್ಲ. ಆಸ್ಪತ್ರೆಯ ಖರ್ಚನ್ನು ಕಂಪನಿ ಕೊಟ್ಟಿತು. ಮುಂದಿನ ಹಂಗಾಮಿಗೆ ಆ ಗುಂಪನ್ನು ಯಾವ ಹೊಲಕ್ಕೂ ಕರೆಯಬಾರದೆಂದು ಬಾಯಿಮಾತಿನಲ್ಲಿ ಎಲ್ಲ ಮಾಲಕರಿಗೂ ಸೂಚನೆ ಹೋಯಿತು. ಶಿಸ್ತಿಲ್ಲದ ಗುಂಪು ಎಂಬುದು ಕಾರಣ.

ಮರುವರ್ಷ, ನಮ್ಮ ಕಂಪನಿಯಿಂದ ಬೀಜ ಕೊಳ್ಳುವವರು ಕಳಿಸಿದ ತಪಾಸಣೆಯ ಮಂದಿ ಬಂದರು. ಅವರು ಹಿರೇಕೆರೂರಿನ ಹೊಲಗಳನ್ನಷ್ಟೇ ನೋಡಿದರು. ಕೂಲಿಯವರ ಜೊತೆ ಬದುವಿನ ಮೇಲೆ ಕೂತು, ಬಾವುಟ ಇದ್ದ ದಿನ ಏನು ಮಾಡುತ್ತೀರಿ ಎಂದು ಕೇಳಿದರು. ಒಬ್ಬಳು ಮುಚ್ಚುಮರೆಯಿಲ್ಲದೆ, "ಬಾವುಟ ಕಿತ್ತಿಟ್ಟು ಒಳಗ ಹೋಗ್ತೇವ್ರಿ" ಎಂದುಬಿಟ್ಟಳು. ಅದಾದ ಒಂದು ತಿಂಗಳಿಗೆ ಹೊಸ ಸುತ್ತೋಲೆ ಬಂತು: ಎಣ್ಣೆ ಹೊಡೆಯುವುದನ್ನು ಒಂದು ದಿನ ಮೊದಲೇ ತಿಳಿಸಬೇಕು, ಹೊಡೆಯುವ ದಿನ ಮೊಗ್ಗು ಸುಲಿಯಬಾರದು, ಬಾವುಟದ ದಿನ ಕೂಲಿ ಕೊಡಬೇಕು. ನಾನು ಬರೆದದ್ದೇ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಸದ್ಯಕ್ಕೆ ಹಿರೇಕೆರೂರು ತಾಲೂಕಿಗೆ ಮಾತ್ರ, ಉಳಿದ ಕಡೆ ಆಮೇಲೆ ನೋಡೋಣ ಎಂದಿತ್ತು ಕೊನೆಯ ಸಾಲು. ಸಾಹೇಬರು ಸುತ್ತೋಲೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಅದನ್ನು ಓದಿದ ಮೇಲೆ ಹುಲಗೂರಿನ ಕಡೆ ಹೋಗಲೇಬೇಕೆನ್ನಿಸಿತು. ಒಂದು ವರ್ಷ ಹತ್ತಿರ ಹತ್ತಿರ ನಾನು ಆ ದಾರಿ ತಪ್ಪಿಸಿಕೊಂಡೇ ಓಡಾಡಿದ್ದೆ. ಒಂದು ರವಿವಾರ ಹೋದೆ. ದೊಡ್ಡಕ್ಕನ ಮನೆಯೂ ತಂಗಿಯ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿವೆ. ಗೋವಿನಜೋಳದ ಕಳೆ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೇನೆ, ಗುಂಪು ಒಡೆದುಹೋಯಿತು, ಅರ್ಧ ಮಂದಿ ಬೇರೆ ಕಡೆ ಸೇರಿಕೊಂಡರು ಎಂದಳು ದೊಡ್ಡಕ್ಕ. ತಂಗಿ ಮನೆಯಲ್ಲೇ ಇರುತ್ತಾಳೆ. ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತಾಳೆ. ಬಡಿಯುವುದು ಆಗುತ್ತದೆ, ಆದರೆ ಬೆರಳ ತುದಿಯಲ್ಲಿ ಜೋಮು, ಸಣ್ಣ ಕೆಲಸ ಆಗುವುದಿಲ್ಲ. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕು.

ನಾನು ಪತ್ರದ ವಿಷಯ ಹೇಳಿದೆ. ಅಂದು ನೀವು ನನ್ನನ್ನು ಉಳಿಸಿದಿರಿ, ನಾನು ಆಮೇಲೆ ಎಲ್ಲ ಬರೆದು ಕೊಟ್ಟೆ ಎಂದೆ. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ.

ದೊಡ್ಡಕ್ಕ ಗೋಡೆಗೆ ಒರಗಿ ಕೇಳಿದಳು.

"ನಿಮ್ಮನ್ನ ಉಳಸಾಕ ಅಂತ ಅಲ್ರಿ ಅಕ್ಕಾರ," ಎಂದಳು. "ನಿಮ್ಮ ಹೆಸರು ಹೇಳಿದ್ರ ನಿಮ್ಮನ್ನ ತಗೀತಿದ್ರು. ಬ್ಯಾರೆಯವರನ್ನ ಕಳಸ್ತಿದ್ರು. ಅವರು ನಮ್ಮ ಫೋನರ ಎತ್ತತಿದ್ರೋ ಇಲ್ಲೋ. ನೀವು ಎತ್ತತಿದ್ರಿ. ಅಷ್ಟ ವಿಚಾರ ಮಾಡಿದೆ. ಕಡೀಕ ನಮ್ಮನ್ನ ತಗದ್ರು, ಅದು ಬ್ಯಾರೆ."

"ನನ್ನ ಮ್ಯಾಲ ಸಿಟ್ಟಿಲ್ಲೇನು?"

"ಐತ್ರಿ," ಎಂದಳು. ದನಿ ಏರಿಸದೆ, ಇದ್ದದ್ದನ್ನು ಹೇಳುವಂತೆ. "ಹಂಗಂತ ಮನಿಗೆ ಬಂದವರನ್ನ ಹೊರಗ ನಿಂದ್ರಸಾಕ ಆಗತೈತೇನು?"

ಅಷ್ಟರಲ್ಲಿ ತಂಗಿ ಚಹಾ ತಂದಳು. ಎರಡೂ ಕೈಯಿಂದ ಕಪ್ಪುಬಸಿ ಹಿಡಿದಿದ್ದಳು. ಸುತ್ತೋಲೆಯ ಸುದ್ದಿ ಅವಳಿಗೆ ಆಗಲೇ ಗೊತ್ತಿತ್ತು. ಹಿರೇಕೆರೂರಿನಲ್ಲಿ ಅವಳ ನಾದಿನಿ ಕ್ರಾಸಿಂಗಿಗೆ ಹೋಗುತ್ತಾಳಂತೆ. "ಕೂತ ದಿನಾನೂ ಕೂಲಿ ಹಾಕಿದ್ರಂತ್ರಿ. ಅಕಿ ನಂಬಲಿಲ್ಲಂತ, ಎರಡು ಸಲ ಕೇಳಿದ್ಲಂತ" ಎಂದು ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಕೆಲಸ ಕಳೆದುಕೊಂಡವಳು ಇವಳು, ನಿಯಮ ಬದಲಾದದ್ದು ಇನ್ನೆಲ್ಲೋ ಇನ್ಯಾರಿಗೋ.

ಹೊರಡುವಾಗ ಮುಂದಿನ ವಾರ ತಡಸದಲ್ಲಿ ತರಬೇತಿ ಇದೆ ಎಂದೆ, ಏನಾದರೂ ಹೇಳಬೇಕಲ್ಲ ಎಂದು. ತಂಗಿ ಬಾಗಿಲಿಗೆ ಬಂದಳು.

"ನಮ್ಮ ಗುಂಪಿನ್ಯಾಗಿನ ಇಬ್ಬರು ಹುಡಿಗ್ಯಾರು ಅಲ್ಲೇ ಹೋಗ್ತಾರ್ರಿ ಈಗ. ಒಬ್ಬಾಕಿ ಬಸರಿ ಅದಾಳ," ಎಂದಳು. "ಯಾರಿಗೂ ಹೇಳಿಲ್ಲ, ಹೇಳಿದ್ರ ಕೆಲಸಕ್ಕ ಕರಿಯಾಂಗಿಲ್ಲ ಅಂತ. ಅಕಿನ್ನ ಸ್ವಲ್ಪ ನೋಡ್ರಿ."

ಯಾರು ಎಂದು ಕೇಳಿದೆ. ಅವಳು ಅಕ್ಕನ ಮುಖ ನೋಡಿದಳು. "ಹೆಸರು ಬ್ಯಾಡ್ರಿ ಅಕ್ಕಾರ, ನಿಮ್ಮ ರಿಜಿಸ್ಟರಿನ್ಯಾಗ ಬಂದೀತು," ಎಂದಳು ದೊಡ್ಡಕ್ಕ.